ತೊಟ್ಟಿಲ ಪಕ್ಕದ ಲ್ಯಾಪ್‌ಟಾಪ್

ಸಭೆಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಗುರುವೃಂದದವರೇ, ತಾಯಂದಿರೇ, ಮಕ್ಕಳೇ, ಸಭಿಕರೇ,

ಈ ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಗೂ ಒಂದು ಲ್ಯಾಪ್‌ಟಾಪ್ ಸಿಗಲು ಓಡಾಡಿದವಳು ಎಂದು ನನಗೆ ಶಾಲು ಹೊದಿಸಿದ್ದೀರಿ. ಪೋಷಕರ ಸಹಿಗಾಗಿ ಸುರೇಬಾನದಲ್ಲಿ ಮನೆಮನೆ ತಿರುಗಿದ್ದು ನಿಜ. "ಸಹಿ ಹಾಕಿದ್ರ ಗ್ಯಾಸ್ ಕೊಡ್ತಾರೇನವಾ?" ಎಂದು ಲಗಮವ್ವಜ್ಜಿ ಕೇಳಿದ್ದೂ ನಿಜ. ನಗಿ, ನಾನೂ ನಕ್ಕಿದ್ದೆ.

ಕಳೆದ ವರ್ಷ ಇದೇ ಮೈಕಿನ ಮುಂದೆ ನಾನು ಏನು ಹೇಳಿದ್ದೆ, ನೆನಪಿದೆಯೇ? ಲ್ಯಾಪ್‌ಟಾಪ್ ಒಂದಿದ್ದರೆ ಮಗು ಮನೆಯಲ್ಲಿ ಕುಳಿತೇ ಎಲ್ಲವನ್ನೂ ಕಲಿಯಬಲ್ಲದು ಎಂದಿದ್ದೆ. ಚಪ್ಪಾಳೆ ತಟ್ಟಿದಿರಿ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮ ಮಾವ ಸೋಮಪ್ಪನವರು. ಇಂದೂ ಮೂರನೆಯ ಸಾಲಿನಲ್ಲಿದ್ದಾರೆ. ಅವರು ಕೆಟ್ಟವರಲ್ಲ. ಮದುವೆಯಾದ ಮೇಲೆ ನಾನು ಬಿ.ಎ. ಮುಗಿಸಿದ್ದು ಅವರಿಂದ, ಪರೀಕ್ಷೆ ಮುಗಿಯುವ ತನಕ ಕಾಲೇಜಿನ ಗೇಟಿನ ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದರು.

ಲ್ಯಾಪ್‌ಟಾಪ್ ಬಂತು. ಮರುವಾರವೇ ಒಂಬತ್ತನೆಯ ತರಗತಿಯ ನನ್ನ ಮಗಳು ಮೀನಾಳನ್ನು ಶಾಲೆ ಬಿಡಿಸಿದರು. "ಸಾಲೀನ ಮನೀಗೆ ಬಂದೈತಿ, ಇನ್ನ ಬಸ್ಸಿನ್ಯಾಗ ಯಾಕ ಜೋತಾಡಬೇಕು?" ಎಂದರು ಮಾವ. ನಾನು ಬಾಯಿ ತೆರೆದೆ. "ನೀನ ಹೇಳಿದ್ದಿ ಅಲ್ಲೇನವಾ ಶೀತಲ, ಅಷ್ಟು ಮಂದಿ ಮುಂದ?" ಎಂದರು.

ಈಗ ಅವಳು ಒಂದು ಕೈಯಲ್ಲಿ ಪಾಠ ತೆರೆಯುತ್ತಾಳೆ, ಇನ್ನೊಂದು ಕೈಯಲ್ಲಿ ಎಂಟು ತಿಂಗಳ ತಮ್ಮನ ತೊಟ್ಟಿಲು ತೂಗುತ್ತಾಳೆ. ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಅತ್ತೆ, "ಮುಚ್ಚಿಟ್ಟು ನಾಕು ರೊಟ್ಟಿ ಬಡಿ ಬಾರವಾ, ಅದೇನು ಓಡಿ ಹೋಗ್ತೈತಿ?" ಎನ್ನುತ್ತಾರೆ.

ಮತ್ತೆ ನೀನೇನು ಮಾಡಿದೆ ಎಂದು ನೀವು ಕೇಳುವುದಿಲ್ಲವೇ? ಕೂಸು ಬಿಡದೆ ಅಳುತ್ತಿತ್ತು, ನನಗೆ ನಿದ್ದೆಯಿರಲಿಲ್ಲ. ಮೀನಾ ಮನೆಯಲ್ಲೇ ಉಳಿದ ಮೊದಲ ವಾರ ನನಗೂ ಹಾಯೆನಿಸಿತು. ಇದನ್ನು ಹೇಳಬಾರದು ಎಂದುಕೊಂಡೇ ಬಂದಿದ್ದೆ. ಈಗ ಕೂಸು ಮಲಗುತ್ತದೆ, ನಾನು ಮಲಗುವುದಿಲ್ಲ. ಈ ಹೊತ್ತಿನಲ್ಲೂ ಮೀನಾ ಅದರ ಬಳಿ ಇದ್ದಾಳೆ. ಇಲ್ಲದಿದ್ದರೆ ನಾನು ಇಲ್ಲಿ ನಿಂತು ಮಾತನಾಡುವುದು ಹೇಗೆ?

ಮೊನ್ನೆ ಕೇಳಿದಳು: "ಯವ್ವಾ, ಇದರಾಗ ನನ್ನ ಹಾಜರಿ ಯಾರು ಹಾಕ್ತಾರ?"

ಅಧ್ಯಕ್ಷರೇ, ನನ್ನ ಅಂದಿನ ಮಾತು ತಪ್ಪು. ಮನೆಯಲ್ಲಿ ಹತ್ತು ಸಲ ಹೇಳಿದ್ದೇನೆ. ಅಲ್ಲಿ ಅದು ಸೊಸೆಯ ಮಾತು. ಗುರುಗಳಲ್ಲಿ ಒಬ್ಬರಾದರೂ ನಮ್ಮ ಮನೆಗೆ ಬಂದು, ಹುಡುಗಿ ಎಲ್ಲಿ ಎಂದು ಕೇಳಿ. ಇಷ್ಟೇ ನನ್ನ ಬೇಡಿಕೆ.

ಮಾವನವರು ಎದ್ದು ಹೊರಟಿದ್ದಾರೆ. ದಯವಿಟ್ಟು ದಾರಿ ಬಿಡಿ, ಯಾರೂ ಅವರನ್ನು ಏನೂ ಅನ್ನಬೇಡಿ. ಅವರ ಹಿಂದೆಯೇ ನಾನೂ ಹೋಗಬೇಕು, ಅದೇ ಮನೆಗೆ. ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.