ಮೇಸ್ತ್ರಿ ಕುಡಿದ ನೀರು

ಬನ್ರವ್ವ, ಚಾಪೆ ಹತ್ರಕ್ಕೆ ಎಳ್ಕೊಂಡು ಕುಂತ್ಕೊಳ್ಳಿ. ಆ ಟೀವಿ ಆರಿಸಿ, ಮೊಬೈಲು ಮಗುಚಿಡಿ. ಇದು ಕಟ್ಟಿದ ಕತೆ ಅಲ್ಲ, ನಮ್ಮ ಪಕ್ಕದ ಮನೆ ಪುಟ್ಟಮಾದಪ್ಪನಿಗೆ ಆದದ್ದು.

ಪುಟ್ಟಮಾದಪ್ಪ ಕಬ್ಬು ಕಡಿಯೋ ಗ್ಯಾಂಗಿನ ಮೇಸ್ತ್ರಿ. ಮಾರ್ನಮಿ ಅಮಾಸೆ ರಾತ್ರಿ ಅಗರದ ಕಡೆಯಿಂದ ಮಾಂಬಳ್ಳಿಗೆ ಒಬ್ಬನೇ ನಡ್ಕೊಂಡು ಬರ್ತಿದ್ದ. ನಾಲೆ ಏರಿ ಮೇಲಿನ ಆಲದ ಮರ ಬಂತು. ನಿಂತ. ಹೋದ ಮಾಗಿ ಚಳೀಲಿ ಅವನ ಟ್ರ್ಯಾಕ್ಟರ್ ಡ್ರೈವರ್ ಮುದ್ದಯ್ಯ, ಕಬ್ಬಿನ ಲೋಡ್ ಸಮೇತ ನಾಲೆಗೆ ಮಗುಚಿ ಸತ್ತದ್ದು ಅಲ್ಲೇ...

ಮೇಸ್ತ್ರಿಯದೊಂದು ಪದ್ಧತಿ ಇತ್ತು. ತಾನು ಹಣೆ ತುಂಬ ವಿಭೂತಿ ಬಳಿಯೋನು, ಒಂದು ತೊಟ್ಟೂ ಮುಟ್ಟೋನಲ್ಲ. ಆದರೆ ಹೊತ್ತು ಇಳಿದ ಕೂಡ್ಲೆ ಆಳುಗಳಿಗೆಲ್ಲ ಬ್ರಾಂದಿ ಪ್ಯಾಕೆಟ್ ಹಂಚೋನು. “ಹಾಕ್ಕೊಳ್ರಲಾ, ಮೈನೋವು ಮರ್ತೋಯ್ತದೆ.” ಮೈನೋವು ಮರೆತೋರು ಬೆಳಗಾಗೋತನಕ ಕಬ್ಬು ಹೊರೋರು. ಅವನಿಗೆ ಬೇಕಾದ್ದೂ ಅದೇ.

ಮುದ್ದಯ್ಯ ಮಾತ್ರ ಬಿಟ್ಟುಬಿಟ್ಟಿದ್ದ. ಮಗಳು ಮೋನಿಕಾ ತಲೆ ಮುಟ್ಟಿ ಆಣೆ ಮಾಡಿದ್ದ. “ಏನ್ಲಾ ಮುದ್ದ, ಸ್ವಾಮಿಗೋಳಾಗ್ಬುಟ್ಟಾ? ಮಠ ಕಟ್ಟಿಸ್ಕೊಡ್ಲಾ?” ಅಂತ ಮೇಸ್ತ್ರಿ ರೇಗಿಸೋನು. ಟ್ರ್ಯಾಕ್ಟರ್ ಮಗುಚಿದ ರಾತ್ರಿ ಮುದ್ದಯ್ಯ, “ನಿದ್ದೆ ಎಳೀತದೆ, ಇನ್ನೊಂದು ಟ್ರಿಪ್ ಆಗಾಕಿಲ್ಲ” ಅಂದ. ಮೇಸ್ತ್ರಿ ಬಿಸಿ ಶುಂಠಿ ಕಷಾಯ ಕೊಟ್ಟ. ಬ್ರಾಂದಿ ಬೆರೆಸಿ ಕೊಟ್ಟ. ಶುಂಠಿ ಖಾರದಲ್ಲಿ ಗೊತ್ತಾಗಲಿಲ್ಲ.

ಸತ್ತ ಮೇಲೆ ಡಾಕ್ಟರು ಕುಡಿದಿದ್ದ ಅಂದ್ರು. ಮಗಳ ತಲೆ ಮುಟ್ಟಿ ಆಣೆ ಮುರಿದೋನು ಅಂತು ಊರು. ಹೆಂಡ್ತಿ ಮಹದೇವಮ್ಮ ತಲೆ ತಗ್ಗಿಸಿ ಓಡಾಡಿದಳು. ಮೇಸ್ತ್ರಿ ಬಾಯಿ ಬಿಡಲಿಲ್ಲ.

ಬಾಯಿ ಬಿಡದೋನಿಗೆ ನಿದ್ದೆ ಎಲ್ಲಿಂದ ಬರಬೇಕು? ಮುದ್ದಯ್ಯನ ಪೈಕಿಯೋರು ಮಾರ್ನಮೀಲಿ ಸತ್ತೋರಿಗೆ ಇಷ್ಟವಾದ್ದನ್ನ ಎಡೆ ಇಡ್ತಾರೆ ಅಂತ ಕೇಳಿದ್ದ. ಅದಕ್ಕೇ ಈ ಅಮಾಸೆ ರಾತ್ರಿ ಆ ಆಲದ ಬುಡದಲ್ಲಿ ಮುತ್ತುಗದ ಎಲೆ ಹಾಸಿ, ಕಡ್ಲೆಪುರಿ ಸುರಿದು, ಪಕ್ಕಕ್ಕೆ... ಬ್ರಾಂದಿ ಪ್ಯಾಕೆಟ್ ಇಟ್ಟ. ನೋಡ್ರವ್ವ, ಬಿಟ್ಟೋನಿಗೆ ಅದನ್ನೇ ಇಟ್ಟ.

ಕೈಮುಗಿದು ತಿರುಗಿದ. ಹಿಂದೆ... ಚಿಟ್. ಪ್ಯಾಕೆಟ್ಟಿನ ಮೂಲೆ ಹರಿದ ಸದ್ದು. ಆಮೇಲೆ ಗಳ... ಗಳ... ಗಳ... ಮಣ್ಣಿಗೆ ಸುರಿದಂಗೆ.

“ಯಾರ್ಲಾ?”

“ಮೇಸ್ತ್ರಿ...” ಕಿವಿ ಪಕ್ಕದಲ್ಲೇ ಪಿಸುಮಾತು. “ಇದ ಯಾರ್ಗೆ ಇಟ್ಟೆ?”

“ನಿಂಗೇ ಕಣಪ್ಪ...”

“ನಾ ಬುಟ್ಟಿದ್ನಲ್ಲ.”

ಮೇಸ್ತ್ರಿ ಗಂಟಲು ಒಣಗೋಯ್ತು.

“ಬಾಯಾರ್ತಾ? ಓಗು... ಮನೇಲಿ ನೀರದೆ. ಕುಡಿ.”

ಬಿದ್ದು ಎದ್ದು ಮನೆ ಸೇರಿದ. ಹೆಂಡ್ತಿ ಶಿವರತ್ನಮ್ಮ ಚೊಂಬು ನೀರು ಕೊಟ್ಟಳು. ಗಟಗಟ ಕುಡಿದ. ಎದೆ ಉರೀತು, ಕಾಲು ತಡಬಡಿಸ್ತು. ಅವಳು ಮೂಗಿಗೆ ಸೆರಗು ಹಿಡಿದಳು.

“ಥೂ, ಈ ವಯಸ್ನಲ್ಲಿ ಕಲ್ತ್ರಾ?”

“ನೀನೇ ಕೊಟ್ಟ ನೀರು ಕಣಮ್ಮಿ...”

“ಎಲ್ಲಾ ಕುಡುಕ್ರೂ ಇದ್ನೇ ಏಳೋದು.”

ಮಜ್ಜಿಗೆ ಕುಡಿದರೂ ಅದೇ ಬ್ರಾಂದಿ ಘಾಟು, ಎಳನೀರು ಕುಡಿದರೂ ಅದೇ. ಕುಡಿದರೆ ತೂರಾಡೋನು, ಕುಡೀದಿದ್ರೆ ನಾಲಿಗೆ ಬಿರಿಯೋದು. ಮಠದ ಜಗುಲಿಯಿಂದ ಎಬ್ಬಿಸಿ ಕಳಿಸಿದರು. ನೀರು ಅಂದ್ರೆ ನಂಬೋರು ಯಾರು?

ಒಂದು ಬೆಳಗ್ಗೆ ಗ್ಯಾಂಗಿನೋರೆಲ್ಲ ನೋಡ್ತಿದ್ದಂಗೇ ಮಹದೇವಮ್ಮನ ಬಾಗಿಲಿಗೆ ಹೋದ. ಜಗುಲಿ ಕಂಬ ಹಿಡ್ಕೊಂಡು, “ತಾಯಿ, ನಿನ್ ಗಂಡ ಆಣೆ ಮುರೀಲಿಲ್ಲ. ಕಷಾಯಕ್ಕೆ ಬೆರೆಸಿದ್ದು ನಾನು” ಅಂದ.

ಮಹದೇವಮ್ಮ ಅಳಲಿಲ್ಲ, ಬಯ್ಯಲಿಲ್ಲ. ಒಳಗಿಂದ ಒಂದು ಲೋಟ ನೀರು ತಂದು ಹಿಡಿದಳು.

“ಕುಡೀರಿ ಬುದ್ಧಿ.”

ಕುಡಿದ. ಅಲ್ಲೇ ಉರುಳಿಕೊಂಡ. ಅವಳು ಬಾಗಿಲು ಹಾಕ್ಕೊಂಡಳು.

ಮೇಸ್ತ್ರಿ ಮುಂದಿನ ಸುಗ್ಗಿ ಕಾಣಲಿಲ್ಲ. ಜೀವಮಾನವೆಲ್ಲ ಕುಡಿದೋರ ಲಿವರ್ ಹಿಂಗಿರ್ತದೆ ಅಂದ್ರಂತೆ ಕೊಳ್ಳೇಗಾಲದ ಡಾಕ್ಟರು. ಶಿವರತ್ನಮ್ಮ ಹನೂರಿನ ತವರಿಗೆ ಹೋದಳು. ಮೋನಿಕಾ, ತೆಗೆದು ಒಳಗಿಟ್ಟಿದ್ದ ಅಪ್ಪನ ಫೋಟೋನ ಮತ್ತೆ ಗೋಡೆಗೆ ಹಾಕಿದಳು. ಗ್ಯಾಂಗು ಈಗ ದೇವರಾಜಂದು, ಅವನೂ ಮುಂಚೆ ಪ್ಯಾಕೆಟ್ ಕುಡಿದು ಕಬ್ಬು ಹೊತ್ತೋನೇ. ಸಂಜೆ ಆದ್ರೆ ಈಗ ಟೀ, ಬೇಯಿಸಿದ ಕಡ್ಲೆಕಾಯಿ. ಡ್ರೈವರ್ ಸೀಟು ಹತ್ತೋಕೆ ಮುಂಚೆ ಮಹದೇವಮ್ಮನ ಮುಂದೆ ಉಸಿರು ಊದಬೇಕು. ವಾಸನೆ ಬಂತೋ, ಕೀ ಅವಳ ಮಡಿಲಲ್ಲೇ.

ಮೇಸ್ತ್ರಿ ಹಿತ್ತಿಲ ಕಲ್ಲುತೊಟ್ಟಿ ಹಂಗೇ ಅದೆ. ಮಳೆನೀರು ತುಂಬಿ ತುಳುಕಿದರೂ ಒಂದು ದನ ಮೂತಿ ಇಡಲ್ಲ. ಸುಳ್ಳು ಅನ್ನೋರು ಏಳಿ, ನಮ್ಮ ಬಚ್ಚಲ ಕಿಟಕೀಲಿ ಕಾಣ್ತದೆ.