ಬಲತೊಡೆಯ ಸರದಿ

ಹೊಸ ಇನ್ಸುಲಿನ್ನನ್ನು ರೋಗಿಗಳ ಮೇಲೆ ಪರೀಕ್ಷಿಸುವ ವಿಭಾಗದ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿ ಗೋಡೆಯ ಮೇಲಿನ ಪಟವನ್ನು ಓದುತ್ತಿದ್ದಳು.

"ಅಕ್ಕ, ಒಂದೇ ಜಾಗಕ್ಕೆ ಚುಚ್ಕೊಂಡ್ರೆ ಗಂಟು ಕಟ್ಟುತ್ತಂತೆ. ಔಷಧಿ ಸರಿಯಾಗಿ ರಕ್ತಕ್ಕೆ ಸೇರಲ್ವಂತೆ. ನಿನ್ ಹೊಟ್ಟೆ ಮೇಲಿರೋದು ಅದೇ ಅಲ್ವಾ?"

"ಮೆಲ್ಲಗೆ ಮಾತಾಡೇ. ಅಲ್ಲಿ ಚುಚ್ಚಿದ್ರೆ ನೋವೇ ಆಗಲ್ಲ, ಅದಕ್ಕೇ."

"ಮತ್ತೆ ನೋಟ್‌ಬುಕ್ಕಲ್ಲಿ ಎಡತೊಡೆ, ಬಲತೊಡೆ, ತೋಳು ಅಂತ ಬರ್ದಿದೀಯಲ್ಲ?"

"ದಿನಾ ಜಾಗ ಬದಲಾಯಿಸಿ ಅಂದಿದ್ರು, ಬರೆದೆ. ಎಲ್ಲರಿಗಿಂತ ನಿಮ್ದೇ ಅಚ್ಚುಕಟ್ಟು ಅಂತ ಡಾಕ್ಟ್ರು ಹೊಗಳಿದ್ರು ಕಣೇ. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?"

"ಆ ಪುಸ್ತಕ ನಂಬ್ಕೊಂಡು, ಹೊಸ ಔಷಧಿಗೆ ಶಕ್ತಿನೇ ಸಾಲ್ದು ಅಂತ ಅವರು ಬರ್ಕೊಳ್ತಿದಾರೆ. ಹದಿನೆಂಟಿದ್ದ ಡೋಸು ನಲವತ್ತಾಯ್ತು."

"ನಲವತ್ತಕ್ಕೂ ನಂಗೇನೂ ಆಗಿಲ್ವಲ್ಲ."

"ಗಂಟಿಗೆ ಚುಚ್ಚಿದ್ರೆ ಏನಾಗುತ್ತೆ? ಇವತ್ತು ನರ್ಸೇ ಚುಚ್ಚೋದು. ಹೊಸ ಜಾಗಕ್ಕೆ ನಲವತ್ತೂ ಇಳಿದ್ರೆ ಶುಗರ್ ಪಾತಾಳಕ್ಕೆ ಹೋಗುತ್ತೆ. ಒಳಗೆ ಹೋದ ತಕ್ಷಣ ಹೇಳ್ಬಿಡು."

"ಹೇಳ್ತೀನಿ ಬಿಡೇ."

ಬಾಗಿಲು ತೆರೆಯಿತು. ನರ್ಸ್ ಅಕ್ಕನ ನೋಟ್‌ಬುಕ್ ತೆಗೆದುಕೊಂಡು ಕೊನೆಯ ಪುಟ ನೋಡಿದಳು.

"ಅಮ್ಮ, ಇವತ್ತು ಬಲತೊಡೆ ಸರದಿ ಅಲ್ವಾ? ಎಷ್ಟು ನೀಟಾಗಿ ಬರೆದಿದೀರ!"

ಅಕ್ಕನ ಮುಖ ಅರಳಿತು.

"ಹೌದಮ್ಮ, ಬಲತೊಡೆ," ಎನ್ನುತ್ತಾ ಅವಳು ಒಳಗೆ ನಡೆದಳು.

ತಂಗಿ ತನ್ನ ಬ್ಯಾಗನ್ನು ಬೆಂಚಿನ ಮೇಲೆಯೇ ಬಿಟ್ಟು ಹಿಂದೆಯೇ ಓಡಿದಳು.