ಗೇಟಿನ ಲಸ್ಕರನಿಗೆ ಸ್ಪ್ಯಾನಿಷಿನಲ್ಲಿ ಏನೆನ್ನುತ್ತಾರೆ?

ಈ ಸಭೆಯ ಅಧ್ಯಕ್ಷರಾದ ಕುಂಥುನಾಥ ಸರ್ ಅವರೇ, ಹುಕ್ಕೇರಿಯಿಂದ ಇಂಥ ಬಿಸಿಲಿನಲ್ಲಿ ಬಂದಿರುವ ಮುಖ್ಯ ಅತಿಥಿಗಳೇ, ಒಂದು ಕಾಲಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಇಂದು ವೇದಿಕೆಯ ಮೇಲೆ ನಿಲ್ಲಿಸಿರುವ ನನ್ನ ಗುರುಗಳೇ, ಉಪ್ಪಿಟ್ಟಿನ ವಾಸನೆ ಬರತೊಡಗಿದ ಮೇಲೂ ಕುರ್ಚಿ ಬಿಡದೆ ಕುಳಿತಿರುವ ಧುಪದಾಳದ ಸಭಿಕರೇ ಮತ್ತು ಚಾಪೆಯ ಮೇಲೆ ಒಬ್ಬರನ್ನೊಬ್ಬರು ಚಿವುಟುತ್ತಿರುವ ನನ್ನ ತಮ್ಮ ತಂಗಿಯರೇ,

ಸ್ಪ್ಯಾನಿಷ್ ಭಾಷೆಯಲ್ಲಿ ಎಂ.ಎ. ಮುಗಿಸಿದ್ದಕ್ಕೆ ನನಗೆ ಶಾಲು ಹೊದಿಸಿದ್ದೀರಿ. ಅಧ್ಯಕ್ಷರು ಪರಿಚಯ ಮಾಡಿಕೊಡುತ್ತ ನನ್ನನ್ನು ‘ಬಡತನದಲ್ಲಿ ಅರಳಿದ ಹೂವು’ ಎಂದರು. ಸರ್, ತಾವು ದೊಡ್ಡವರು, ತಪ್ಪು ತಿಳಿಯಬಾರದು. ನಮ್ಮದು ಬಡತನವಲ್ಲ. ನಮ್ಮಪ್ಪ ಅಲ್ಲಪ್ಪನವರಿಗೆ ನೀರಾವರಿ ಇಲಾಖೆಯ ಪಗಾರ ತಿಂಗಳಾದರೆ ಬರುತ್ತಿತ್ತು. ಈ ಪಗಾರ ಎಂಬ ಮಾತನ್ನೇ ನೋಡಿ. ಸ್ಪ್ಯಾನಿಷಿನಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು. ನಾವು ಬಟಾಟಿ ಎನ್ನುತ್ತೇವೆ, ಅವರು ಪಟಾಟಾ ಎನ್ನುತ್ತಾರೆ. ನಮ್ಮ ಮೇಜು ಅವರ ಮೇಸಾ. ಪೋರ್ತುಗೀಜರು ಗೋವಾಕ್ಕೆ ತಂದಿಳಿಸಿದ ಮಾತುಗಳು ಘಟ್ಟ ಹತ್ತಿ ನಮ್ಮ ಸಂತೆಗೆ ಬಂದವು. ಸ್ಪ್ಯಾನಿಷ್ ಅವರ ನೆರೆಮನೆಯ ಭಾಷೆ. ಹಾಗಾಗಿ ನೀವೆಲ್ಲರೂ ಸ್ವಲ್ಪ ಸ್ವಲ್ಪ ಸ್ಪ್ಯಾನಿಷ್ ಬಲ್ಲವರೇ. ಶಾಲು ಮಾತ್ರ ನನಗೆ ಸಿಕ್ಕಿದೆ.

ಗೋಕಾಕದಲ್ಲಿ ಪಿಯುಸಿ ಮುಗಿಸಿ, ಹೈದರಾಬಾದಿನ ವಿಶ್ವವಿದ್ಯಾಲಯವೊಂದರಲ್ಲಿ ಸ್ಪ್ಯಾನಿಷ್ ಪದವಿಗೆ ಸೀಟು ಸಿಕ್ಕಿತೆಂದು ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: “ಅದು ಸ್ಪ್ಯಾನರ್ ಹಿಡಿಯೂ ಕೋರ್ಸ್ ಏನವಾ? ಅದಕ್ಯಾಕ ಅಷ್ಟ ದೂರ ಹೋಗ್ತಿ, ನಾನ ಕಲಸ್ತೇನಿ.” ಮೂಡಲಗಿಯ ನಮ್ಮ ಸೋದರತ್ತೆ ಅಲ್ಲವ್ವನವರದು ಇನ್ನೂ ಮೂಲಭೂತ ಪ್ರಶ್ನೆ: “ಅಲ್ಲ ತಂಗಿ, ಅದನ್ನ ಕಲತು ಯಾರ ಜೋಡಿ ಮಾತಾಡಾಕಿ ನೀ? ನಮ್ಮ ಮೂಡಲಗ್ಯಾಗ ಒಬ್ರರ ಅದಾರ ಏನ?” ಐದು ವರ್ಷ ವ್ಯಾಕರಣ ಓದಿದೆ, ಸಾಹಿತ್ಯ ಓದಿದೆ, ಭಾಷಾವಿಜ್ಞಾನ ಓದಿದೆ. ಅತ್ತೆಯ ಪ್ರಶ್ನೆಗೆ ಉತ್ತರ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಇಲ್ಲಿಗೆ ನಿಲ್ಲಿಸಿ, ಶ್ರದ್ಧೆಯಿಂದ ಓದಿರಿ ಎಂದು ಮಕ್ಕಳಿಗೆ ಹೇಳಿ ಕುಳಿತುಬಿಡಬಹುದಿತ್ತು. ಬರೆದು ತಂದ ಭಾಷಣದಲ್ಲಿ ಅಷ್ಟೇ ಇದೆ. ಆದರೆ ಅಧ್ಯಕ್ಷರು ನನ್ನ ಪ್ರಾಮಾಣಿಕತೆಯನ್ನೂ ಹೊಗಳಿದ್ದಾರೆ. ಅದನ್ನು ಕೇಳಿಕೊಂಡು ಸುಮ್ಮನಿರಲು ಆಗುತ್ತಿಲ್ಲ.

ಮೊದಲನೆಯ ವರ್ಷ, ಎರಡನೆಯ ವಾರ. ಪಾಠದ ಹೆಸರು ‘ನನ್ನ ಕುಟುಂಬ’. ಒಬ್ಬೊಬ್ಬರೇ ಎದ್ದು ನಿಂತು ತಂದೆ ಏನು ಮಾಡುತ್ತಾರೆಂದು ಹೇಳಬೇಕು. ನನ್ನ ಎಡಗಡೆಯವಳ ತಂದೆ ವೈದ್ಯರು, ಬಲಗಡೆಯವನ ತಂದೆ ಕರ್ನಲ್. ನನ್ನ ಸರದಿ ಬಂತು. ನಮ್ಮಪ್ಪ ಆಗ ಇಲ್ಲಿಯೇ ಧುಪದಾಳದ ಒಡ್ಡಿನ ಮೇಲೆ ಲಸ್ಕರ. ಕಾಲುವೆಯ ಗೇಟು ಏರಿಸುವುದು, ಇಳಿಸುವುದು, ನೀರಿನ ಅಳತೆ ನೋಡುವುದು ಅವರ ಕೆಲಸ. ನಿಮಗೆ ಇದನ್ನು ಹೇಳಬೇಕಾಗಿಲ್ಲ, ನಿಮ್ಮ ಹೊಲಕ್ಕೆ ಅವರೇ ನೀರು ಬಿಟ್ಟಿದ್ದಾರೆ. ಆದರೆ ಲಸ್ಕರನಿಗೆ ಸ್ಪ್ಯಾನಿಷಿನಲ್ಲಿ ಏನೆನ್ನುತ್ತಾರೆ? ನಮ್ಮ ಪುಸ್ತಕದ ಪುಟದಲ್ಲಿ ಹನ್ನೆರಡು ಉದ್ಯೋಗಗಳ ಚಿತ್ರಗಳಿದ್ದವು. ಅದರಲ್ಲಿ ನೀರಿಗೆ ಸಮೀಪದ್ದು ಒಂದೇ: ಇಂಜಿನಿಯರ್. ಅದನ್ನೇ ಹೇಳಿ ಕುಳಿತೆ.

ಅವತ್ತು ಅದು ಸುಳ್ಳಾಗಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪದ ಗೊತ್ತಿರಲಿಲ್ಲ, ಅಷ್ಟೇ. ನಿಘಂಟು ಗ್ರಂಥಾಲಯದಲ್ಲಿತ್ತು. ನೋಡಲಿಲ್ಲ. ಯಾಕೆ ನೋಡಲಿಲ್ಲ? ‘ಇಂಜಿನಿಯರ್’ ಎಂದಾಗ ಬಲಗಡೆಯ ಕರ್ನಲ್ ಮಗ ನನ್ನ ಕಡೆ ತಿರುಗಿ ಮುಗುಳ್ನಕ್ಕಿದ್ದ.

ಆಮೇಲೆ ವ್ಯಾಕರಣ ಮುಂದುವರಿಯಿತು, ನಮ್ಮ ಮನೆಯೂ ಮುಂದುವರಿಯಿತು. ಭೂತಕಾಲ ಕಲಿತಾಗ ನಮ್ಮವ್ವ ಶೆಟ್ಟೆವ್ವ ಪುಣೆಯಲ್ಲಿ ಚಿತ್ರಕಲೆ ಕಲಿತಳು. ‘ಮಾಡುತ್ತಿದ್ದೆವು, ಹೋಗುತ್ತಿದ್ದೆವು’ ಎಂಬ ರೂಪ ಬಂದಾಗ ನಾವು ಬಾಲ್ಯದಲ್ಲಿ ಮಹಡಿಯ ಮೇಲೆ ಒಂದು ನಾಯಿ ಸಾಕುತ್ತಿದ್ದೆವು. ಕ್ವಾರ್ಟರ್ಸಿನ ಎರಡು ಕೋಣೆಗೆ ಮಹಡಿ ಎಲ್ಲಿಂದ ಬಂತು ಎನ್ನಬೇಡಿ. ಅಭ್ಯಾಸಕ್ಕೆ ಮೆಟ್ಟಿಲು ಹತ್ತುವ ಕ್ರಿಯಾಪದ ಬೇಕಾಗಿತ್ತು. ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎಂಬ ಕಠಿಣವಾದ ವಾಕ್ಯರಚನೆ ಬಂದಾಗ, ನಮ್ಮ ತಂದೆ ಸ್ಪೇನಿನ ಹುದ್ದೆ ಒಪ್ಪಿಕೊಂಡಿದ್ದರೆ ನಾವು ಈಗ ಮ್ಯಾಡ್ರಿಡ್‌ನಲ್ಲಿರುತ್ತಿದ್ದೆವು ಎಂದು ಬರೆದೆ. ಆ ಪತ್ರಿಕೆಯಲ್ಲಿ ನಾನೇ ತರಗತಿಗೆ ಮೊದಲು. ನೀವು ನಗುತ್ತೀರಿ. ನಗಿರಿ. ಕನ್ನಡದಲ್ಲಿ ಸುಳ್ಳು ಹೇಳಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಸ್ಪ್ಯಾನಿಷಿನಲ್ಲಿ ಏನೂ ಆಗುತ್ತಿರಲಿಲ್ಲ.

ಎಂ.ಎ. ಮೊದಲ ವರ್ಷಕ್ಕೆ ಸ್ಪೇನಿನಿಂದ ಒಬ್ಬ ಪ್ರಾಧ್ಯಾಪಕಿ ಬಂದರು. ಹೆಸರು ಪಿಲಾರ್, ವಯಸ್ಸು ಅರವತ್ತರ ಆಜುಬಾಜು, ವಲೆನ್ಸಿಯಾ ಕಡೆಯ ಹಳ್ಳಿಯವರು. ನನ್ನ ಹಳೆಯ ಪ್ರಬಂಧಗಳನ್ನೆಲ್ಲ ತರಿಸಿಕೊಂಡು ಓದಿದರು. ಜನವರಿಯ ರಜೆ ಹತ್ತಿರ ಬಂದಾಗ ಒಂದು ದಿನ ಕರೆದು ಹೇಳಿದರು: “ನಿಮ್ಮೂರಿನ ಹಿನ್ನೀರಿಗೆ ಕೊಕ್ಕರೆಗಳು ಬರುತ್ತವೆಂದು ಬರೆದಿದ್ದೀಯಲ್ಲ, ನಾನು ನೋಡಲು ಬರುತ್ತೇನೆ. ನಿಮ್ಮ ಮನೆಯಲ್ಲಿ ಊಟ ಮಾಡುತ್ತೇನೆ.”

ನಾನು ಚಳಿ ಎಂದೆ, ರೈಲು ತಡವೆಂದೆ, ಈ ವರ್ಷ ಕೊಕ್ಕರೆಗಳೇ ಬಂದಿಲ್ಲ ಎಂದೆ. ಅವರು ಘಟಪ್ರಭಾ ಸ್ಟೇಷನ್ನಿನಲ್ಲಿ ಕೊರಳಿಗೆ ದುರ್ಬೀನು ಹಾಕಿಕೊಂಡು ಇಳಿದೇಬಿಟ್ಟರು.

ದೊಡ್ಡ ಮನೆಯ ರಿಪೇರಿ ನಡೆದಿದೆ, ತಾತ್ಕಾಲಿಕವಾಗಿ ಇಲ್ಲಿದ್ದೇವೆ ಎಂದು ಆಟೋದಲ್ಲಿಯೇ ಹೇಳಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಎಣಗಾಯಿ ಕುದಿಯುತ್ತಿತ್ತು. ಅಪ್ಪ ಬನಿಯನ್ ಮೇಲೆ ಟವೆಲು ಹೊದ್ದು, ಅತಿಥಿಯ ಎದುರಿಗೆ ಬಹಳ ಭಯಭಕ್ತಿಯಿಂದ ಕುಳಿತಿದ್ದರು. ಇಬ್ಬರ ನಡುವೆ ದುಭಾಷಿಯಾಗಿ ನಾನು. ಅಂಥ ದುಭಾಷಿ ಈ ಭೂಮಿಯ ಮೇಲೆ ಮತ್ತೊಬ್ಬಳು ಹುಟ್ಟಿರಲಾರಳು! “ಈ ಒಡ್ಡಿನ ವಿನ್ಯಾಸದಲ್ಲಿ ನಿಮ್ಮ ಪಾಲೇನು?” ಎಂದು ಅವರು ಕೇಳಿದರೆ, ನಾನು “ರೊಟ್ಟಿ ಛಲೋ ಆಗ್ಯಾವ ಅಂತಾರ” ಎನ್ನುತ್ತಿದ್ದೆ. “ಇನ್ನೊಂದ ರೊಟ್ಟಿ ಹಾಕಸ್ಕೋರಿ ಅಂತ ಹೇಳ” ಎಂದು ಅಪ್ಪ ಹೇಳಿದರೆ, “ಅದು ಹಿಂದಿನವರ ಕೆಲಸ, ನಾನು ಮೇಲ್ವಿಚಾರಣೆ ಮಾತ್ರ” ಎಂದು ಅನುವಾದಿಸುತ್ತಿದ್ದೆ. ಸ್ಪ್ಯಾನಿಷಿನಲ್ಲಿ ಇಂಜಿನಿಯರ್ ಎಂಬ ಪದದ ಉಚ್ಚಾರವೇ ಬೇರೆ, ಅಪ್ಪನಿಗೆ ಗುರುತು ಸಿಗುವಂತಿರಲಿಲ್ಲ. ಊಟ ಮುಗಿಯುವವರೆಗೆ ಪಾರಾದೆ.

ಕೈ ತೊಳೆದು ಬಂದ ಪಿಲಾರ್ ಮೇಡಂ, ಒಂದು ಮಾತಾದರೂ ನೇರವಾಗಿ ಆಡಬೇಕೆಂದುಕೊಂಡರೇನೋ. ಕಿಟಕಿಯಾಚೆಗಿನ ಒಡ್ಡಿನ ಕಡೆ ಕೈ ತೋರಿಸಿ, ತಮಗೆ ಗೊತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳಿದರು: “ಇಂಜಿನಿಯರ್! ವೆರಿ ಗುಡ್!”

ಅಪ್ಪ ಗಡಬಡಿಸಿ ಎದ್ದರು. “ಇಂಜಿನಿಯರ ಸಾಹೇಬ್ರು ಬಂದ್ರೇನ? ಮೊದಲ ಹೇಳಬಾರ್ದೇನವಾ?” ಎನ್ನುತ್ತ ಒಳಗೆ ಹೋದರು. ಎರಡು ನಿಮಿಷಕ್ಕೆ ಹೊರಗೆ ಬಂದಾಗ ಮೈಮೇಲೆ ಖಾಕಿ ಅಂಗಿ, ಗುಂಡಿಗಳೆಲ್ಲ ಹಾಕಿದ್ದರು, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ಬಾಗಿಲಲ್ಲಿ ನೆಟ್ಟಗೆ ನಿಂತು ಹೊರಗೆ ಜೀಪು ಹುಡುಕುತ್ತಿದ್ದರು.

ಪಿಲಾರ್ ಮೇಡಂ ಆ ಖಾಕಿ ನೋಡಿದರು, ನನ್ನ ಕಡೆ ನೋಡಿದರು.

“ಸಾಹೇಬ್ರು ಬಂದಿಲ್ಲಪ್ಪ,” ಎಂದೆ. “ಅವರು ಇಂಜಿನಿಯರ ಅಂದದ್ದು ನಿನಗ.”

“ನನಗ್ಯಾಕ ಅಂತಾರ?”

“ನಾನ ಹೇಳಿದ್ದೆ.”

ಅವ್ವ ಮುಸುರೆ ಪಾತ್ರೆ ಹಿಡಿದವಳು ಹಾಗೇ ನಿಂತಳು. ಅಪ್ಪ ಮೇಲಿನ ಗುಂಡಿ ಒಂದನ್ನು ಬಿಚ್ಚಿದರು, ಮತ್ತೆ ಹಾಕಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವರು ಬಾಗಿಲ ಹಿಂದೆ ಇಟ್ಟಿದ್ದ ಗೇಟಿನ ಹ್ಯಾಂಡಲ್ ತೆಗೆದುಕೊಂಡು ಹೇಳಿದರು: “ಬಂದವರಿಗೆ ಗೇಟ ತೋರ್ಸೋನು, ಕರ್ಕೊಂಡ ಬಾ ಅವರನ್ನ.”

ಒಡ್ಡಿನ ಮೇಲೆ ಅಪ್ಪ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರು, ಗೇಟು ಕಿರುಗುಟ್ಟುತ್ತ ಏರಿತು, ಕೆಳಗೆ ನೀರು ನುಗ್ಗಿತು. ಪಿಲಾರ್ ಮೇಡಂ ದುರ್ಬೀನನ್ನು ನನ್ನ ಕೈಗೆ ಕೊಟ್ಟು, ತಾವೂ ಹ್ಯಾಂಡಲ್ ಹಿಡಿದು ನಾಲ್ಕು ಸುತ್ತು ತಿರುಗಿಸಿದರು. ಆಮೇಲೆ ನನಗೆ ಹೇಳಿದರು: “ನಿನ್ನ ಏಳು ಪ್ರಬಂಧಗಳಲ್ಲಿ ತಂದೆ ಇಂಜಿನಿಯರ್. ಏಳರಲ್ಲೂ ಅವರ ಅಂಗೈಗೆ ಗ್ರೀಸು ಮೆತ್ತಿದೆ. ಅಂಥ ಕೈಯನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮಣ್ಣ ವಿಸೆಂತೆ ಊರಿನ ಕಾಲುವೆಗೆ ನೀರು ಬಿಡುವವನು. ನಮ್ಮಲ್ಲಿ ಅವನಿಗೆ ‘ಅಸೆಕಿಯೇರೊ’ ಎನ್ನುತ್ತಾರೆ. ಇದನ್ನು ನಿಮ್ಮ ತಂದೆಗೆ ಹೇಳು. ಈ ಸಲ ಸರಿಯಾಗಿ ಹೇಳು.”

ಸರಿಯಾಗಿ ಹೇಳಿದೆ. ಅಪ್ಪ ಸಂತೋಷಪಟ್ಟರು, ಆ ಅಣ್ಣನವರಿಗೆ ನಮಸ್ಕಾರ ತಿಳಿಸಲು ಹೇಳಿದರು. ಮೇಡಮ್ಮನವರನ್ನು ರೈಲು ಹತ್ತಿಸಿ ವಾಪಸು ಬರುವಾಗ ಮಾತ್ರ, ಸ್ಟೇಷನ್ ರಸ್ತೆಯಲ್ಲಿ, ನನ್ನ ಮುಖ ನೋಡದೆ ಕೇಳಿದರು:

“ಅಂದ್ರ ಅವರ ಭಾಷಾದಾಗ ನನ್ನ ಕೆಲಸಕ್ಕ ಹೆಸರ ಇತ್ತು?”

“ಇತ್ತಪ್ಪ.”

“ನಾಕ ವರ್ಷ ನೀ ಹುಡಕಲಿಲ್ಲ.”

ಅಷ್ಟೇ. ಆಮೇಲೆ ಮನೆ ಮುಟ್ಟುವವರೆಗೆ ಬಟಾಟಿ ದರದ ಬಗ್ಗೆ ಮಾತಾಡಿದರು. ಸಭಿಕರೇ, ನನಗೆ ಐದು ವರ್ಷಗಳಲ್ಲಿ ಹತ್ತಾರು ಪ್ರಾಧ್ಯಾಪಕರು ತಪ್ಪು ತಿದ್ದಿದ್ದಾರೆ, ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದಾರೆ. ಯಾವ ಗೀಟೂ ಅಷ್ಟು ಆಳಕ್ಕೆ ಇಳಿಯಲಿಲ್ಲ. ಕ್ಷಮಿಸಿ, ಇದನ್ನು ಹೇಳುವಾಗ ಸ್ವಲ್ಪ ನೀರು ಕುಡಿಯಬೇಕಾಗುತ್ತದೆ.

ಹೈದರಾಬಾದಿಗೆ ಹೋದ ಮೇಲೆ ನಾನು ಹುಡುಕಲು ಕುಳಿತೆ. ಎಂ.ಎ. ಪ್ರಬಂಧಕ್ಕೆ ಬೇರೆ ವಿಷಯ ಒಪ್ಪಿಗೆಯಾಗಿತ್ತು, ಅದನ್ನು ಬಿಟ್ಟೆ. ನೀರಾವರಿಯ ಪದಗಳನ್ನು ಹಿಡಿದೆ. ಕಾಲುವೆಗೆ ಅಸೆಕಿಯಾ, ನಮ್ಮಂಥ ಒಡ್ಡಿಗೆ ಅಸುದ್. ಇವು ಅರಬ್ಬರು ಸ್ಪೇನಿಗೆ ಹೋದಾಗ ಜೊತೆಗೆ ಒಯ್ದ ಮಾತುಗಳು. ಅವರ ಆಳ್ವಿಕೆ ಹೋಯಿತು, ಕಾಲುವೆಯ ಮಾತುಗಳು ಉಳಿದವು. ವಲೆನ್ಸಿಯಾದಲ್ಲಿ ಇಂದಿಗೂ ಗುರುವಾರಕ್ಕೊಮ್ಮೆ ನೀರಿನ ಪಂಚಾಯಿತಿ ಸೇರುತ್ತದೆ. ರೈತರೇ ಅಲ್ಲಿ ನ್ಯಾಯಾಧೀಶರು, ಎಲ್ಲವೂ ಬಾಯಿಮಾತಿನಲ್ಲೇ ತೀರ್ಮಾನ. ಇದನ್ನು ಬರೆಯುವಾಗ ವಾರಕ್ಕೆರಡು ಸಲ ಅಪ್ಪನಿಗೆ ಫೋನು ಮಾಡುತ್ತಿದ್ದೆ. “ಪಾಳಿ ತಪ್ಪಿಸಿ ನೀರ ಕದ್ದವಗ ಏನ ಮಾಡ್ತೀರಪ್ಪ?” ಎಂದು ಕೇಳಿದರೆ, “ಯಾರ ಕದ್ದಾರ ಅನ್ನೂದರ ಮ್ಯಾಲ ಐತಿ” ಎನ್ನುತ್ತಿದ್ದರು. ಆ ಉತ್ತರವನ್ನು ಅಡಿಟಿಪ್ಪಣಿಯಲ್ಲಿ ಹಾಕಿದೆ. ಕೆಳಗೆ ಅವರ ಹೆಸರು, ಹೆಸರಿನ ಮುಂದೆ ಉದ್ಯೋಗ: ಅಸೆಕಿಯೇರೊ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಒಂದು ಟಿಪ್ಪಣಿಯ ಬಗ್ಗೆಯೇ ಕಾಲು ಗಂಟೆ ಪ್ರಶ್ನೆ ಕೇಳಿದರು.

ಅಪ್ಪ ಕಳೆದ ಮೇ ತಿಂಗಳಲ್ಲಿ ನಿವೃತ್ತರಾದರು. ಆ ಸುದ್ದಿ ಕೇಳಿ ಪಿಲಾರ್ ಮೇಡಂ ಅಣ್ಣನ ಜೊತೆ ವೀಡಿಯೊ ಕರೆ ಏರ್ಪಡಿಸಿದರು. ಭಾನುವಾರ, ನಮ್ಮ ಪಡಸಾಲೆ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಿದ್ದೆ. ಅದರಲ್ಲಿ ವಿಸೆಂತೆ, ತಲೆಗೆ ಹ್ಯಾಟು, ಹಿಂದೆ ಕಿತ್ತಳೆ ತೋಟ. ಮೊದಲ ಹತ್ತು ನಿಮಿಷ ಇಬ್ಬರೂ ಕುಶಲ ಕೇಳಿದರು. ಆಮೇಲೆ ಅಪ್ಪ ನಿಜವಾದ ವಿಷಯಕ್ಕೆ ಬಂದರು: “ಗೇಟಿನ ಸ್ಕ್ರೂಗೆ ಎಣ್ಣಿ ಹಚ್ಚತಾರೋ, ಗ್ರೀಸ್ ಹಚ್ಚತಾರೋ ಕೇಳ.”

ಕೇಳಿದೆ. ವಿಸೆಂತೆ ಎಣ್ಣೆ ಎಂದರು.

“ಎಣ್ಣಿ? ಎಣ್ಣಿ ಎಷ್ಟ ದಿನ ನಿಂದರತೈತಿ? ಒಂದ ಮಳಿ ಬಂದ್ರ ತೊಳಕೊಂಡ ಹೋಗತೈತಿ. ಅವಗ ಗೇಟಿಂದು ಏನೂ ತಿಳಿಯಂಗಿಲ್ಲ ಅಂತ ಹೇಳ.”

ಅವ್ವ ಒಳಗಿಂದ ಓಡಿ ಬಂದಳು. “ಅಯ್ಯ, ಹಂಗ ಹೇಳಬ್ಯಾಡ! ಬೀಗರಂಗ ಮಾತಾಡಾಕ ಬಂದಾರ ಪಾಪ, ಬ್ಯಾರೆ ಏನರ ಹೇಳ.”

ಅಪ್ಪ ನನ್ನ ಕಡೆ ನೋಡಿದರು. ಬೇರೆ ಏನಾದರೂ ಹೇಳುವುದರಲ್ಲಿ ನನ್ನಷ್ಟು ಅನುಭವ ಯಾರಿಗಿದೆ? ಆದರೆ ನಾನು ಒಂದಕ್ಷರ ಬಿಡದೆ ಅನುವಾದಿಸಿದೆ. ‘ಅವನಿಗೆ ಗೇಟಿನದು ಏನೂ ತಿಳಿಯುವುದಿಲ್ಲ ಎಂದು ನಮ್ಮ ತಂದೆ ಹೇಳುತ್ತಿದ್ದಾರೆ.’ ವಿಸೆಂತೆ ಹ್ಯಾಟು ತೆಗೆದು, ತೊಡೆ ತಟ್ಟಿ ನಕ್ಕು, ಇಷ್ಟುದ್ದದ ಒಂದು ಉತ್ತರ ಕೊಟ್ಟರು. ಹಿರಿಯರ ಸಭೆಯಲ್ಲಿ ಅದನ್ನು ಉಚ್ಚರಿಸಲಾರೆ. ಅಪ್ಪನಿಗೆ ಮಾತ್ರ ಪೂರ್ತಿ ಹೇಳಿದೆ. ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಿವೃತ್ತಿಯ ಹಾರ ಹಾಕಿದ ದಿನವೂ ನಾನು ನೋಡಿರಲಿಲ್ಲ.

ಎಣ್ಣೆಯೋ ಗ್ರೀಸೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ವಾದ ಮುಂದುವರಿಯುತ್ತದೆ. ಇವತ್ತು ಭಾನುವಾರ. ಇನ್ನೂ ಹೇಳುವುದಿತ್ತು. ಆದರೆ ಕಡೆಯ ಸಾಲಿನಲ್ಲಿ ನಮ್ಮಪ್ಪ ಎದ್ದು ನಿಂತು ನನಗೆ ಕೈಗಡಿಯಾರ ತೋರಿಸುತ್ತಿದ್ದಾರೆ. ತಿರುಗಿ ನೋಡಬೇಡಿ, ನಾಚಿಕೆಪಡುತ್ತಾರೆ.

ಹೊದಿಸಿದ ಶಾಲಿಗೆ, ಕೇಳಿದ ಸಹನೆಗೆ, ನಕ್ಕ ನಗುವಿಗೆ ನಿಮಗೆಲ್ಲ ನನ್ನ ಕೃತಜ್ಞತೆಗಳು. ಉಪ್ಪಿಟ್ಟು ತಿನ್ನಲು ನಾವಿಬ್ಬರೂ ನಿಲ್ಲುವುದಿಲ್ಲ, ಮನ್ನಿಸಬೇಕು. ನಮಸ್ಕಾರ.